ಕುತ್ತಿಗೆಯಲ್ಲೊಂದು ಪಕ್ಕೆಲುಬು: ನೊಣದ ಜೀನ್‌ಗೂ ನನ್ನ ಎಕ್ಸ್-ರೇಗೂ ಏನು ಸಂಬಂಧ?

ಎಡಗೈ_ಜೋಮು
ಎಲ್ಲರಿಗೂ ನಮಸ್ಕಾರ. ಆರೇಳು ತಿಂಗಳಿಂದ ಎಡಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿವೆ. ಕೈ ಮೇಲೆತ್ತಿ ಬಟ್ಟೆ ಒಣಹಾಕಲು ಹೋದರೆ ಎರಡೇ ನಿಮಿಷಕ್ಕೆ ಕೈ ಸೋತು ಬರುತ್ತದೆ. ಮೊದಲು ತೋರಿಸಿದ ಕಡೆ "ಮೊಬೈಲ್ ಕಮ್ಮಿ ಮಾಡಿ" ಅಂತ ಹೇಳಿ ಕಳಿಸಿದರು. ಎರಡನೇ ಕಡೆ ಕುತ್ತಿಗೆಯ ಎಕ್ಸ್-ರೇ ತೆಗೆಸಿದರು. ನೋಡಿದರೆ ಕುತ್ತಿಗೆಯ ಕೊನೇ ಮೂಳೆಯಿಂದ ಎಡಕ್ಕೆ ಒಂದು ಪುಟ್ಟ ಪಕ್ಕೆಲುಬು! ಹುಟ್ಟಿದಾಗಿನಿಂದ ಇದೆಯಂತೆ. ಮೂವತ್ನಾಲ್ಕು ವರ್ಷ ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದು ಸುಮ್ನೆ ಹುಡುಕುತ್ತಾ ಹೋದೆ. ಎಲ್ಲ ಕಡೆ "ಹಾಕ್ಸ್ ಜೀನ್", "ಹೋಮಿಯೋಬಾಕ್ಸ್" ಅಂತ ಬರುತ್ತೆ. ಮುಂದಿನ ಸಾಲಿಗೆ ಹೋದರೆ ಹಣ್ಣುನೊಣ, ತಲೆ ಮೇಲೆ ಕಾಲು, ನಾಲ್ಕು ರೆಕ್ಕೆ. ನನ್ನ ಕುತ್ತಿಗೆಗೂ ನೊಣಕ್ಕೂ ಏನ್ರೀ ಸಂಬಂಧ? ಯಾರಾದರೂ ಬಿಡಿಸಿ ಹೇಳಿ. ನಾನು ಓದಿದ್ದು ಕಾಮರ್ಸ್.

ಸುಮ್ನೆ_ಓದ್ತೀನಿ
ನಾನೂ ಕೂತೆ. ಮುಂದುವರಿಸಿ.

ನೊಣದ_ಬಾಟಲಿ
ಎಂಎಸ್ಸಿಯಲ್ಲಿ ಎರಡು ವರ್ಷ ಹಣ್ಣುನೊಣ ಸಾಕಿದವಳು ನಾನು. ಉತ್ತರ ಕೊಡೋ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ :)

ನೊಣದ ಎದೆಗೆ ಮೂರು ತುಂಡು. ನಡುವಿನ ತುಂಡಿಗೆ ಒಂದು ಜೊತೆ ರೆಕ್ಕೆ. ಮೂರನೇ ತುಂಡಿಗೆ ರೆಕ್ಕೆ ಇಲ್ಲ. ಅದರ ಬದಲು ಪುಟ್ಟ ಡೋಲಿನ ಕೋಲಿನಂಥ ಎರಡು ಗುಂಡುಗಳು, ಹಾಲ್ಟಿಯರ್ ಅಂತಾರೆ. ಹಾರುವಾಗ ಸಮತೋಲ ಕಾಯೋದು ಅವೇ. ಅಲ್ಟ್ರಾಬೈಥೊರಾಕ್ಸ್ ಅನ್ನೋ ಜೀನ್ ಮೂರನೇ ತುಂಡಿನಲ್ಲಿ ಕೆಲಸ ಮಾಡದಿದ್ದರೆ, ಆ ತುಂಡು ತಾನು ಎರಡನೆಯದು ಅಂದುಕೊಂಡು ಬೆಳೆಯುತ್ತದೆ. ಹಾಲ್ಟಿಯರ್ ಇರಬೇಕಾದ ಜಾಗದಲ್ಲಿ ಪೂರ್ತಿ ರೆಕ್ಕೆ. ನಾಲ್ಕು ರೆಕ್ಕೆಯ ನೊಣ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೂಯಿಸ್ ಜೀವಮಾನವಿಡೀ ಇದರ ಹಿಂದೆ ಬಿದ್ದಿದ್ದರು. 1978ರಲ್ಲಿ ಅದನ್ನೆಲ್ಲ ಸೇರಿಸಿ ಬರೆದರು. 1995ರಲ್ಲಿ ನೊಬೆಲ್ ಬಂತು, ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ವೀಶಾಸ್ ಜೊತೆಗೆ.

ಇನ್ನೊಂದು ಆಂಟೆನಪೀಡಿಯ. ಎದೆಯಲ್ಲಿ ಇರಬೇಕಾದ ಜೀನ್ ತಲೆಯಲ್ಲೂ ಚಾಲೂ ಆದರೆ ಕುಡಿಮೀಸೆ ಬರುವ ಜಾಗದಲ್ಲಿ ಕಾಲು ಮೊಳೆಯುತ್ತದೆ. ಅರ್ಧಂಬರ್ಧ ಅಲ್ಲ, ಕೀಲು ಕೂದಲು ಎಲ್ಲ ಇರೋ ಸರಿಯಾದ ಕಾಲು. ನೀವು ಓದಿದ ಹಾಕ್ಸ್ ಜೀನ್ ಅಂದರೆ ಇಂಥವೇ.

ನಿಮ್ಮ ಕುತ್ತಿಗೆಗೆ ಆಗಿರೋದೂ ಇದೇ ಜಾತಿಯದು. ಕುತ್ತಿಗೆಯ ಮಣಿಯೊಂದು (ಬೆನ್ನೆಲುಬಿನ ಒಂದು ಮೂಳೆ) ಒಂದು ಬದಿಯಲ್ಲಿ ತಾನು ಎದೆಯ ಮಣಿ ಅಂದುಕೊಂಡಿದೆ.

ಎಡಗೈ_ಜೋಮು
"ತಾನು ಎದೆ ಅಂದುಕೊಂಡಿದೆ" ಓದಿ ನಗು ಬಂತು. ಆದರೆ ನೊಣದಲ್ಲಿರೋ ಜೀನ್ ನಮ್ಮಲ್ಲೂ ಯಾಕಿದೆ?

ಹಾಗೇಕೆ
ಸ್ವಲ್ಪ ನಿಲ್ಲಿ. "ಕಾಲಿನ ಜೀನ್", "ರೆಕ್ಕೆಯ ಜೀನ್" ಅಂತ ಒಂದು ಜೀನ್‌ಗೆ ಒಂದು ಅಂಗ ಬರೆದುಕೊಡೋದು ಸರಿಯಾ? ಒಂದು ಕಾಲು ಅಂದರೆ ಎಷ್ಟು ಸಾವಿರ ಕೆಲಸ. ಒಂದೇ ಜೀನ್ ಮಾಡುತ್ತೆ ಅಂದರೆ ನಂಬಲು ಕಷ್ಟ.

ನೊಣದ_ಬಾಟಲಿ
@ಹಾಗೇಕೆ ನಾನು ಹಾಗೆ ಹೇಳಲೇ ಇಲ್ಲ ಮಾರಾಯ್ರೆ. ಆ ಜೀನ್ ಕಾಲು ಕಟ್ಟುವುದಿಲ್ಲ. "ಇದು ಇಂಥ ಜಾಗ" ಅಂತ ಹೇಳುತ್ತದೆ. ಕಟ್ಟೋರು ಬೇರೆ.

ಹಳೇ_ಮೇಷ್ಟ್ರು
ಮನೆ ಕಟ್ಟುವಾಗ ಮೇಸ್ತ್ರಿ ಇರುತ್ತಾನಲ್ಲ, ಹಾಗೆ. ಇಟ್ಟಿಗೆ ಹೊರೋದಿಲ್ಲ, ಗಾರೆ ಕಲಸೋದಿಲ್ಲ. "ಇಲ್ಲಿ ಕಿಟಕಿ ಬಿಡಿ, ಇಲ್ಲಿ ಗೋಡೆ ಎತ್ತಿ" ಅಂತಾನೆ. ಮೇಸ್ತ್ರಿ ಎಡವಟ್ಟು ಮಾಡಿದರೆ ಕಿಟಕಿ ಚೆನ್ನಾಗೇ ಬರುತ್ತೆ, ಆದರೆ ಬಚ್ಚಲಿನ ಬದಲು ದೇವರಮನೆ ಕಡೆಗೆ.

ಈಗ ಹೋಮಿಯೋಬಾಕ್ಸ್ ಅಂದರೇನು ಅನ್ನೋದು. ಇದು ಇಡೀ ಜೀನ್ ಅಲ್ಲ. ಜೀನಿನೊಳಗೆ 180 ಅಕ್ಷರದ ಒಂದು ತುಣುಕು. ಆ 180 ಅಕ್ಷರದಿಂದ ಪ್ರೋಟೀನಿನಲ್ಲಿ 60 ಅಮೈನೋ ಆಮ್ಲಗಳ ಒಂದು ಭಾಗ ತಯಾರಾಗುತ್ತದೆ, ಅದು ಹೋಮಿಯೋಡೊಮೇನ್. ಅದರಲ್ಲಿ ಮೂರು ಸುರುಳಿ. ಮೂರನೇ ಸುರುಳಿ ಹೋಗಿ ಡಿಎನ್‌ಎಯ ಅಗಲವಾದ ಗಾಡಿಯಲ್ಲಿ, ತಪ್ಪಾಯಿತು, ತೋಡಿನಲ್ಲಿ ಕೂತುಕೊಳ್ಳುತ್ತದೆ. ಕೂತ ಮೇಲೆ ಪಕ್ಕದ ಬೇರೆ ಜೀನ್‌ಗಳನ್ನು ಹಚ್ಚುತ್ತದೆ ಇಲ್ಲಾ ಆರಿಸುತ್ತದೆ. ಈ ಫೋನಿನಲ್ಲಿ ಟೈಪ್ ಮಾಡೋದು ನನಗೆ ಕಷ್ಟ, ಕ್ಷಮಿಸಿ.

ಕೋಡ್‌ಗಿರಿ
ಅಂದರೆ ಕಾನ್ಫಿಗ್ ಫೈಲ್. ಕೋಡ್ ಒಂದೇ, ಸೆಟ್ಟಿಂಗ್ ಬೇರೆ. ಮೂರನೇ ತುಂಡಿನ ಸೆಟ್ಟಿಂಗ್ ಡಿಲೀಟ್ ಆದರೆ ಎರಡನೇ ತುಂಡಿನ ಸೆಟ್ಟಿಂಗೇ ಬರುತ್ತೆ. ಅರ್ಥ ಆಯ್ತು ಬಿಡಿ.

ಹಾಗೇಕೆ
ಅರ್ಥ ಆಗಿಲ್ಲ ನಿಮಗೆ. ಕಾನ್ಫಿಗ್ ಫೈಲ್ ಬರೆದವರೊಬ್ಬರು ಇರುತ್ತಾರೆ. ಇಲ್ಲಿ ಮೇಸ್ತ್ರಿಗೂ ಒಬ್ಬ ಮೇಸ್ತ್ರಿ ಬೇಕಲ್ವಾ? "ಇದು ಇಂಥ ಜಾಗ" ಅಂತ ಹಾಕ್ಸ್ ಜೀನ್‌ಗೆ ಹೇಳೋರು ಯಾರು?

ನೊಣದ_ಬಾಟಲಿ
ಒಳ್ಳೇ ಪ್ರಶ್ನೆ, ಕೇಳಿದ ರೀತಿ ಜಗಳದ್ದಾದರೂ.

ನೊಣದಲ್ಲಿ ತಾಯಿಯೇ ಶುರು ಮಾಡುತ್ತಾಳೆ. ಮೊಟ್ಟೆಯ ಮುಂದಿನ ತುದಿಯಲ್ಲಿ ಬೈಕಾಯ್ಡ್ ಅನ್ನೋ ಜೀನಿನ ಆರ್‌ಎನ್‌ಎ ನಕಲು ಇಟ್ಟಿರುತ್ತಾಳೆ. ಅದರ ಪ್ರೋಟೀನ್ ಮುಂದೆ ಜಾಸ್ತಿ, ಹಿಂದೆ ಹೋದಷ್ಟೂ ಕಮ್ಮಿ. ಆ ಹೆಚ್ಚು ಕಮ್ಮಿ ನೋಡಿ ಒಂದಷ್ಟು ಜೀನ್‌ಗಳು ದೊಡ್ಡ ಪಟ್ಟೆ ಎಳೆಯುತ್ತವೆ, ಅವನ್ನು ನೋಡಿ ಇನ್ನೊಂದಷ್ಟು ಸಣ್ಣ ಪಟ್ಟೆ ಎಳೆಯುತ್ತವೆ. ಕೊನೆಗೆ ಹಾಕ್ಸ್ ಬಂದು ಒಂದೊಂದು ಪಟ್ಟೆಗೂ ಹೆಸರಿಡುತ್ತದೆ. ತಮಾಷೆ ಅಂದರೆ ಬೈಕಾಯ್ಡ್‌ನಲ್ಲೂ ಒಂದು ಹೋಮಿಯೋಬಾಕ್ಸ್ ಇದೆ!

ನಮ್ಮಲ್ಲಿ ಬೈಕಾಯ್ಡ್ ಇಲ್ಲ. ನಮ್ಮಲ್ಲಿ ಸಮಯವೇ ಲೆಕ್ಕ. ಹಾಕ್ಸ್ ಜೀನ್‌ಗಳು ಡಿಎನ್‌ಎ ಮೇಲೆ ಸಾಲಾಗಿ ಕೂತಿವೆ. ಸಾಲಿನ ಒಂದು ತುದಿಯವು ಮೊದಲು ಎದ್ದು ತಲೆಯ ಕಡೆ ಕೆಲಸ ಮಾಡುತ್ತವೆ. ಮುಂದಿನವು ಆಮೇಲೆ, ಇನ್ನೂ ಕೆಳಗೆ. ಕೊನೆಯವು ಬಾಲದ ಕಡೆ. ಜೀನ್ ಕೂತ ಕ್ರಮ, ಎದ್ದ ಕ್ರಮ, ಮೈಯಲ್ಲಿ ಕೆಲಸ ಮಾಡುವ ಕ್ರಮ ಮೂರೂ ಒಂದೇ. ಇದನ್ನು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಸುಮ್ನೆ_ಓದ್ತೀನಿ
ಹಾಜರಿ ಕರೆದ ಹಾಗೆ.

ಪದಕೋಶ
ಒಂದು ಅಡ್ಡ ಮಾತು. "ಹೋಮಿಯೋಬಾಕ್ಸ್"ಗೆ ಕನ್ನಡದಲ್ಲಿ ಏನನ್ನಬಹುದು? ನನಗೆ "ತಾಣಪೆಟ್ಟಿಗೆ" ಅನ್ನಿಸಿತು. ಪೆಟ್ಟಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಏನನ್ನು ತುಂಬಿದ್ದಾರೆ ಅದರಲ್ಲಿ?

ಹಳೇ_ಮೇಷ್ಟ್ರು
ಏನನ್ನೂ ತುಂಬಿಲ್ಲ. ಬೇರೆ ಬೇರೆ ಜೀನ್‌ಗಳ ಅಕ್ಷರಗಳನ್ನು ಒಂದರ ಕೆಳಗೊಂದು ಬರೆದಾಗ ಒಂದೇ ಥರ ಇರೋ ಭಾಗದ ಸುತ್ತ ಗೆರೆ ಎಳೆದು ಚೌಕ ಮಾಡುತ್ತಾರಲ್ಲ, ಆ ಚೌಕವೇ ಬಾಕ್ಸ್. "ಹೋಮಿಯೋ" ಬಂದಿದ್ದು ಹೋಮಿಯೋಸಿಸ್‌ನಿಂದ. ಒಂದು ಅಂಗ ಇನ್ನೊಂದರ ರೂಪ ತಾಳೋದಕ್ಕೆ 1894ರಲ್ಲಿ ವಿಲಿಯಂ ಬೇಟ್ಸನ್ ಕೊಟ್ಟ ಹೆಸರು. ಅವರು ಇಂಥ ವಿಚಿತ್ರಗಳನ್ನು ರಾಶಿ ರಾಶಿ ಕಲೆಹಾಕಿದ್ದರು. ಕುತ್ತಿಗೆಯ ಪಕ್ಕೆಲುಬು ಕೂಡ ಅವರ ಪಟ್ಟಿಯಲ್ಲಿ ಸೇರುವಂಥದ್ದೇ. ಹೋಮಿಯೋಪತಿಗೂ ಇದಕ್ಕೂ ಸಂಬಂಧ ಇಲ್ಲ, ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಕೇಳುತ್ತಿದ್ದ.

ಪದಕೋಶ
ಹಾಗಾದರೆ "ಚೌಕ" ಅನ್ನಬೇಕು. ತಾಣಚೌಕ.

ಕೋಡ್‌ಗಿರಿ
ಹೋಮಿಯೋಬಾಕ್ಸ್ ಅಂತಲೇ ಇರಲಿ ಸ್ವಾಮಿ. ಬಸ್ಸಿಗೆ ಬಸ್ಸು ಅನ್ನಲ್ವಾ?

ಪದಕೋಶ
ಬಸ್ಸಿಗೆ ಯಾರೂ ಮೊದಲೇ ಹೆಸರು ಹುಡುಕಲಿಲ್ಲ, ಅದಕ್ಕೇ.

ಹಳೇ_ಮೇಷ್ಟ್ರು
ಎಡಗೈ ಅವರ ಪ್ರಶ್ನೆ ಹಾಗೇ ಉಳಿಯಿತು. ನೊಣದ್ದು ನಮ್ಮಲ್ಲಿ ಯಾಕೆ ಅಂತ.

1980ರ ದಶಕದ ಶುರುವಿನವರೆಗೆ ಇದೆಲ್ಲ ನೊಣದ ವಿಶೇಷ ಅಂತಲೇ ಜನ ಅಂದುಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ಲ್ಯಾಬು, ಅಮೆರಿಕದ ಇಂಡಿಯಾನಾದಲ್ಲಿ ಮ್ಯಾಥ್ಯೂ ಸ್ಕಾಟ್ ಮತ್ತು ಏಮಿ ವೈನರ್. ಎರಡೂ ಕಡೆ ಬೇರೆ ಬೇರೆಯಾಗಿ ಒಂದೇ ವಿಷಯ ಕಣ್ಣಿಗೆ ಬಿತ್ತು: ಆಂಟೆನಪೀಡಿಯದ ಒಂದು ತುಣುಕು ಅಕ್ಕಪಕ್ಕದ ಜೀನ್‌ಗಳಲ್ಲೂ ಇದೆ. 1984ರಲ್ಲಿ ಪ್ರಕಟವಾಯಿತು. ಗೇರಿಂಗ್ ಲ್ಯಾಬಿನ ಬಿಲ್ ಮೆಕ್‌ಗಿನ್ನಿಸ್ ಅದೇ ತುಣುಕನ್ನು ಬೇರೆ ಪ್ರಾಣಿಗಳ ಡಿಎನ್‌ಎಯಲ್ಲಿ ಹುಡುಕಿದರು. ಎರೆಹುಳುವಿನಲ್ಲಿ ಸಿಕ್ಕಿತು. ಕಪ್ಪೆಯಲ್ಲಿ ಸಿಕ್ಕಿತು. ಮನುಷ್ಯರಲ್ಲೂ ಸಿಕ್ಕಿತು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಪಠ್ಯಕ್ಕೆ ಈ ವಿಷಯ ಬರುವಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಗಿತ್ತು.

ನಮಗೂ ನೊಣಕ್ಕೂ ಒಬ್ಬನೇ ಪೂರ್ವಜ ಇದ್ದದ್ದು 50 ಕೋಟಿ ವರ್ಷಕ್ಕೂ ಹಿಂದೆ. ಆ ಪ್ರಾಣಿಯ ಹತ್ತಿರವೇ ಈ ಸಾಲು ಇತ್ತು. ನೊಣಕ್ಕೆ ಎಂಟು ಹಾಕ್ಸ್ ಜೀನ್. ನಮ್ಮ ಕಡೆಯ ಪೂರ್ವಜರಲ್ಲಿ ಇಡೀ ಡಿಎನ್‌ಎಯೇ ಎರಡು ಸಲ ದುಪ್ಪಟ್ಟಾಗಿದ್ದರಿಂದ ಒಂದು ಸಾಲು ನಾಲ್ಕಾಯಿತು. ಕೆಲವು ಉದುರಿ ಹೋಗಿ ಈಗ 39 ಉಳಿದಿವೆ. 2, 7, 12 ಮತ್ತು 17ನೇ ಕ್ರೋಮೋಸೋಮ್‌ಗಳಲ್ಲಿ.

ನೊಣದ_ಬಾಟಲಿ
ಮೇಷ್ಟ್ರೇ ನಮಸ್ಕಾರ. ಒಂದು ಸೇರಿಸುತ್ತೇನೆ. 1990ರಲ್ಲಿ ಇಲಿಯ ಹಾಕ್ಸ್ ಜೀನ್ ಒಂದನ್ನು ನೊಣಕ್ಕೆ ಹಾಕಿದರು. ನೊಣದ ತಲೆಯಲ್ಲಿ ಕುಡಿಮೀಸೆ ಬದಲು ಕಾಲು ಬಂತು. ನೊಣದ ಕಾಲೇ, ಇಲಿಯ ಕಾಲಲ್ಲ. @ಹಾಗೇಕೆ ಇದಕ್ಕಿಂತ ಸಾಕ್ಷಿ ಬೇಕಾ? ಅಕ್ಷರ ಓದೋದು ಅದೇ, ಕಟ್ಟೋರು ಸ್ಥಳೀಯರು.

ಹಾಗೇಕೆ
ಒಪ್ಪಿದೆ. ಇದು ಚೆನ್ನಾಗಿದೆ.

ಸುಮ್ನೆ_ಓದ್ತೀನಿ
ಹಾಗೇಕೆ ಒಪ್ಪಿದರು! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕೋಡ್‌ಗಿರಿ
ಕಣ್ಣಿನ ಹಾಕ್ಸ್ ಜೀನ್‌ದೂ ಹೀಗೇ ಅಲ್ವಾ? ಇಲಿಯದನ್ನು ನೊಣದ ಕಾಲಿಗೆ ಹಾಕಿದರೆ ಕಾಲ ಮೇಲೆ ಕಣ್ಣು ಬಂತು ಅಂತ ಓದಿದ ನೆನಪು.

ನೊಣದ_ಬಾಟಲಿ
ನೆನಪು ಸರಿ, ಹೆಸರು ತಪ್ಪು. ಅದು ಪ್ಯಾಕ್ಸ್6. ಅದರಲ್ಲಿ ಹೋಮಿಯೋಬಾಕ್ಸ್ ಇದೆ, ಆದರೆ ಅದು ಹಾಕ್ಸ್ ಅಲ್ಲ. ಎಲ್ಲ ಹಾಕ್ಸ್ ಜೀನ್‌ಗಳಲ್ಲೂ ಹೋಮಿಯೋಬಾಕ್ಸ್ ಇರುತ್ತೆ, ಹೋಮಿಯೋಬಾಕ್ಸ್ ಇರೋದೆಲ್ಲ ಹಾಕ್ಸ್ ಅಲ್ಲ. ನಮ್ಮಲ್ಲಿ ಕೆಲಸ ಮಾಡುವ ಹೋಮಿಯೋಬಾಕ್ಸ್ ಜೀನ್‌ಗಳು 200ಕ್ಕೂ ಹೆಚ್ಚು. ಅದರಲ್ಲಿ ಸಾಲಾಗಿ ಕೂತ 39 ಮಾತ್ರ ಹಾಕ್ಸ್. ಈ ಎರಡನ್ನೂ ಒಂದೇ ಮಾಡಿ ಬರೆಯೋದು ಜಾಸ್ತಿ, ನೋಡಿದಾಗಲೆಲ್ಲ ಕೈ ಕೆರೆಯುತ್ತೆ ನನಗೆ.

ಕಣ್ಣಿನ ಪ್ರಯೋಗ 1995ರದ್ದು, ಗೇರಿಂಗ್ ಲ್ಯಾಬಿನದೇ. ಅಲ್ಲೂ ಬಂದಿದ್ದು ನೊಣದ ಜೇನುಗೂಡಿನಂಥ ಕಣ್ಣೇ. ಮನುಷ್ಯರಲ್ಲಿ ಪ್ಯಾಕ್ಸ್6ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕಣ್ಣಿನ ಬಣ್ಣದ ಭಾಗ, ಐರಿಸ್, ಸರಿಯಾಗಿ ಬೆಳೆಯೋದಿಲ್ಲ. ಅನಿರಿಡಿಯ ಅಂತಾರೆ.

ಗಿಡಗಂಟಿ
ಪ್ರಾಣಿಗಳದ್ದೇ ಆಯಿತು. ಗಿಡಗಳಲ್ಲೂ ಹೋಮಿಯೋಬಾಕ್ಸ್ ಇದೆ ಅಂತ ಯಾರೂ ಹೇಳಲ್ಲ ನೋಡಿ. ಮುಸುಕಿನ ಜೋಳದಲ್ಲಿ ನಾಟೆಡ್1 ಅಂತ ಜೀನ್, 1991ರಲ್ಲಿ ಗೊತ್ತಾಯಿತು. ಅದು ತಪ್ಪು ಜಾಗದಲ್ಲಿ ಎದ್ದರೆ ಎಲೆ ಮೇಲೆ ಗಂಟು ಗಂಟು. ಯೀಸ್ಟ್‌ನಲ್ಲೂ ಇದೆ.

ಹಳೇ_ಮೇಷ್ಟ್ರು
ಹೌದು. ಆದರೆ ಹೂವಿನಲ್ಲಿ ದಳದ ಜಾಗಕ್ಕೆ ಕೇಸರ, ಕೇಸರದ ಜಾಗಕ್ಕೆ ದಳ ಬರೋದು ಹೋಮಿಯೋಬಾಕ್ಸ್‌ನಿಂದ ಅಲ್ಲ. ಅದು ಮ್ಯಾಡ್ಸ್ ಬಾಕ್ಸ್, ಬೇರೆಯೇ ಮನೆತನ. ಕೆಲಸ ಅಂಥದ್ದೇ, ಮನೆತನ ಬೇರೆ.

ಗಿಡಗಂಟಿ
ಅದನ್ನು ನಾನೇ ಹೇಳೋಣ ಅಂತಿದ್ದೆ ಮೇಷ್ಟ್ರೇ.

ಎಕ್ಸ್‌ರೇ_ಕಣ್ಣು
ತಡವಾಗಿ ನೋಡಿದೆ. ನಾನು ದಿನಾ ಎಕ್ಸ್-ರೇ ತೆಗೆಯೋನು. @ಎಡಗೈ_ಜೋಮು ಅವರೇ, ಗಾಬರಿ ಬೇಡ. ಕುತ್ತಿಗೆ ಪಕ್ಕೆಲುಬು ನೂರು ಜನರಲ್ಲಿ ಒಬ್ಬರಿಗಿಂತ ಕಮ್ಮಿ ಇರುತ್ತೆ, ಆದರೂ ಅಪರೂಪ ಏನಲ್ಲ. ಬಹಳ ಜನಕ್ಕೆ ಏನೂ ತೊಂದರೆ ಇಲ್ಲ. ಬೇರೆ ಏನೋ ಕಾರಣಕ್ಕೆ ಎದೆಯ ಎಕ್ಸ್-ರೇ ತೆಗೆದಾಗ ಮೂಲೆಯಲ್ಲಿ ಕಾಣುತ್ತೆ. ನಿಮಗೆ ಜೋಮು ಬರೋದು ಕೈಗೆ ಹೋಗುವ ನರದ ಕಟ್ಟಿನ ಕೆಳಗಿನ ಎಳೆ ಆ ಪಕ್ಕೆಲುಬಿನ ಮೇಲೆ ಹಾದು ಒತ್ತುವುದರಿಂದ ಇರಬಹುದು. ಕಿರುಬೆರಳು, ಉಂಗುರ ಬೆರಳು ಅದೇ ಎಳೆಯದು. ಕೈ ಬಿಳಿಚುವುದು, ತಣ್ಣಗಾಗುವುದು ಇದ್ದರೆ ರಕ್ತನಾಳವೂ ಒತ್ತುತ್ತಿದೆ ಅಂತ, ತಡ ಮಾಡದೆ ತೋರಿಸಿ. ಮೊಬೈಲ್ ಕಮ್ಮಿ ಮಾಡಿ ಅಂದವರ ಬಗ್ಗೆ ಏನೂ ಹೇಳಲ್ಲ.

ಎಡಗೈ_ಜೋಮು
ಥ್ಯಾಂಕ್ಸ್ ಸರ್. ಬಿಳಿಚಲ್ಲ, ತಣ್ಣಗಾಗಲ್ಲ. ಬುಧವಾರ ಮತ್ತೆ ತೋರಿಸಬೇಕು. ಸರಿ, ಹಾಗಾದರೆ ನನ್ನ ಯಾವ ಹಾಕ್ಸ್ ಕೆಟ್ಟಿದೆ? ಟೆಸ್ಟ್ ಮಾಡಿಸಬೇಕಾ?

ನೊಣದ_ಬಾಟಲಿ
ಬೇಡ ಅನ್ನಿಸುತ್ತೆ ಅಣ್ಣ. ಒಬ್ಬ ಮನುಷ್ಯನ ಎಕ್ಸ್-ರೇ ನೋಡಿ ಇಂಥ ಜೀನ್ ಅಂತ ಬೊಟ್ಟು ಮಾಡಲು ಬರಲ್ಲ. ಎರಡೂ ಬದಿಗೆ ಅದೇ ಡಿಎನ್‌ಎ ಇದ್ದರೂ ನಿಮಗೆ ಎಡಕ್ಕೆ ಮಾತ್ರ ಬಂದಿದೆ ನೋಡಿ. ಅಂದರೆ ಕುತ್ತಿಗೆ ಮುಗಿದು ಎದೆ ಶುರುವಾಗುವ ಗೆರೆ ಹತ್ತಿರ ಇದ್ದ ಮಣಿ, ಒಂದು ಕಡೆ ಸ್ವಲ್ಪ ಆಚೆ ಜಾರಿದೆ. ಜೀನ್ "ಕೆಟ್ಟಿರಲೇಬೇಕು" ಅಂತಿಲ್ಲ.

ಇಲಿಯಲ್ಲಿ ಮಾತ್ರ ಚೆನ್ನಾಗಿ ಗೊತ್ತಿದೆ. ಹಾಕ್ಸ್-ಎ5 (ನಾಲ್ಕು ಸಾಲುಗಳಲ್ಲಿ ಎ ಅನ್ನೋ ಸಾಲಿನ 5ನೇ ನಂಬರಿನದು) ತೆಗೆದರೆ ಕುತ್ತಿಗೆಯ ಏಳನೇ ಮಣಿಗೆ ಪಕ್ಕೆಲುಬು ಬರುತ್ತದೆ. ಅಂದರೆ ನಿಮಗೆ ಬಂದ ಜಾಗವೇ.

ಇನ್ನೊಂದು ಪ್ರಯೋಗ ಹೇಳದೆ ಇರಲಾರೆ. 2003, ವೆಲ್ಲಿಕ್ ಮತ್ತು ಕಪೆಕ್ಕಿ. ಹತ್ತನೇ ನಂಬರಿನ ಹಾಕ್ಸ್ ಇಲಿಯಲ್ಲಿ ಮೂರಿವೆ: ಎ, ಸಿ, ಡಿ. ಒಂದೊಂದಕ್ಕೂ ಎರಡು ಪ್ರತಿ, ಒಟ್ಟು ಆರು. ಐದನ್ನು ತೆಗೆದರೂ ಉಳಿದ ಒಂದು ಹೇಗೋ ಬಹುಪಾಲು ನಿಭಾಯಿಸುತ್ತದೆ. ಆರೂ ತೆಗೆದರೆ ಸೊಂಟದ ಮಣಿಗಳಿಗೆಲ್ಲ ಪಕ್ಕೆಲುಬು! ಎದೆಯಿಂದ ಸೊಂಟದ ಕೆಳಗಿನವರೆಗೆ ಒಂದೇ ಸಮ ಪಕ್ಕೆಲುಬು. ನನಗೆ ತಿರುವು ಮುರುವಾಗಿ ಕಂಡಿದ್ದು ಇಲ್ಲೇ. ಪಕ್ಕೆಲುಬು ಮಾಡು ಅಂತ ಹೇಳಬೇಕಾಗಿಲ್ಲ, ಅಲ್ಲಿ ಮಣಿಗಳು ತಾವಾಗೇ ಮಾಡಲು ತಯಾರು. "ಇಲ್ಲಿ ಬೇಡ" ಅಂತ ತಡೆಯೋದೇ ಹಾಕ್ಸ್-10ರ ಕೆಲಸ.

ಎಡಗೈ_ಜೋಮು
ಅಂದರೆ ನನಗೆ ಜಾಸ್ತಿ ಏನೋ ಬಂದಿದ್ದಲ್ಲ. "ಬೇಡ" ಅನ್ನೋ ಮಾತು ಸರಿಯಾಗಿ ಕೇಳಿಸಿಲ್ಲ.

ನೊಣದ_ಬಾಟಲಿ
ಕಾಮರ್ಸ್ ಓದಿದವರು ಅಂದಿದ್ದು ಸುಳ್ಳು ಅಲ್ವಾ?

ಹಾವುಗಾಹಿ
ಹಾಗಿದ್ದರೆ ಹಾವಿಗೆ ಹಾಕ್ಸ್-10 ಇಲ್ಲ ಅಂತಾಯ್ತು! ಮುನ್ನೂರು ಮಣಿ, ಹೆಚ್ಚು ಕಮ್ಮಿ ಎಲ್ಲಕ್ಕೂ ಪಕ್ಕೆಲುಬು.

ನೊಣದ_ಬಾಟಲಿ
ಇದೆ. ಆದರೆ ಆ ಜೀನ್ "ಬೇಡ" ಅಂದರೂ ಹಾವಿನ ಮಣಿಗಳ ಡಿಎನ್‌ಎ ಕೇಳಿಸಿಕೊಳ್ಳೋದಿಲ್ಲ. ಹಾಕ್ಸ್ ಹೋಗಿ ಕೂರುವ ಜಾಗದಲ್ಲೇ ಒಂದು ಅಕ್ಷರ ಬದಲಾಗಿದೆ. ಮಣಿಗಳು ಅಷ್ಟೊಂದು ಯಾಕೆ ಅನ್ನೋದಕ್ಕೆ ಉತ್ತರ ಬೇರೆ. ಭ್ರೂಣದಲ್ಲಿ ಬೆನ್ನಿನ ಗುಂಟ ಸೋಮೈಟ್ ಅನ್ನೋ ತುಂಡುಗಳು ಗಡಿಯಾರ ಹೊಡೆದ ಹಾಗೆ ಒಂದೊಂದಾಗಿ ಕತ್ತರಿಸಿಕೊಳ್ಳುತ್ತವೆ. ಇಲಿಯಲ್ಲಿ ಸುಮಾರು 2 ಗಂಟೆಗೊಂದು, ಮನುಷ್ಯರಲ್ಲಿ ಸುಮಾರು 5 ಗಂಟೆಗೊಂದು. ಹಾವಿನಲ್ಲಿ ಅದರ ಬೆಳವಣಿಗೆಗೆ ಹೋಲಿಸಿದರೆ ಈ ಗಡಿಯಾರ ಬಲು ಜೋರು. ಅದಕ್ಕೇ ಸಣ್ಣ ಸಣ್ಣ ತುಂಡು, ಬಹಳ ತುಂಡು.

ಹಾವುಗಾಹಿ
ಕಾಲು ಹೋಗಿದ್ದೂ ಹಾಕ್ಸ್‌ನಿಂದಲೇ?

ಹಳೇ_ಮೇಷ್ಟ್ರು
ಹಾಗಂತ ಮೊದಲು ವಾದ ಇತ್ತು. 2016ರಲ್ಲಿ ಬೇರೆ ಕಡೆ ಕೈ ತೋರಿಸಿದರು. ಕಾಲು ಬೆಳೆಯಲು ಸಾನಿಕ್ ಹೆಡ್ಜ್‌ಹಾಗ್ ಅನ್ನೋ ಜೀನ್ ಬೇಕು. ಅದನ್ನು ಕಾಲಿನಲ್ಲಿ ಹಚ್ಚುವ ಸ್ವಿಚ್ಚು ಹತ್ತು ಲಕ್ಷ ಅಕ್ಷರ ದೂರದಲ್ಲಿದೆ. ಹಾವಿನಲ್ಲಿ ಆ ಸ್ವಿಚ್ಚು ಸವೆದು ಹೋಗಿದೆ. ಹಾವಿನ ಸ್ವಿಚ್ಚನ್ನು ಇಲಿಗೆ ಹಾಕಿದಾಗ ಇಲಿಯ ಕಾಲುಗಳು ಮೋಟಾದವು.

ಕೋಡ್‌ಗಿರಿ
ಜಿರಾಫೆಗೆ ಎಷ್ಟು ಕುತ್ತಿಗೆ ಮಣಿ? ಇಪ್ಪತ್ತು?

ಹಳೇ_ಮೇಷ್ಟ್ರು
ಏಳು. ನಿಮಗೂ ಏಳು, ಇಲಿಗೂ ಏಳು, ತಿಮಿಂಗಿಲಕ್ಕೂ ಏಳು. ಜಿರಾಫೆಯದು ಒಂದೊಂದೂ ಉದ್ದ ಅಷ್ಟೇ. ಸಸ್ತನಿಗಳಲ್ಲಿ ಈ ಲೆಕ್ಕ ತಪ್ಪಿಸಿದವರು ನೀರಲ್ಲಿರುವ ಮ್ಯಾನಟಿ ಮತ್ತು ಮರಕ್ಕೆ ನೇತಾಡುವ ಸ್ಲಾತ್.

ಹಾಗೇಕೆ
ಏಳಕ್ಕೇ ಯಾಕೆ ಅಂಟಿಕೊಳ್ಳಬೇಕು? ಹಕ್ಕಿಗಳಿಗೆ ಬೇಕಾದಷ್ಟು ಇವೆಯಲ್ಲ.

ವಾರಕ್ಕೊಮ್ಮೆ
ಅದಕ್ಕೆ ಒಂದು ವಾದ ಇದೆ. ಸತ್ತು ಹುಟ್ಟಿದ ಮಕ್ಕಳಲ್ಲಿ ಕುತ್ತಿಗೆ ಪಕ್ಕೆಲುಬು ತುಂಬಾ ಜಾಸ್ತಿ ಕಾಣುತ್ತೆ. ಅಂದರೆ ಏಳನೇ ಮಣಿ ಬದಲಾದರೆ ಜೀವಕ್ಕೇ ಅಪಾಯ. ಪೋಸ್ಟ್ ಹಾಕಿದವರು ಪುಣ್ಯವಂತರು.

ಎಕ್ಸ್‌ರೇ_ಕಣ್ಣು
@ವಾರಕ್ಕೊಮ್ಮೆ ಹೀಗೆ ಅರ್ಧ ಹೇಳಿ ಹೋಗಬೇಡಿ. ಪಕ್ಕೆಲುಬು ಯಾರನ್ನೂ ಕೊಲ್ಲೋದಿಲ್ಲ. ಭ್ರೂಣ ಬೆಳೆಯುವ ಆ ಮೊದಲ ವಾರಗಳಲ್ಲಿ ಏನೋ ದೊಡ್ಡ ಏರುಪೇರಾದರೆ ಹೃದಯ, ನರ, ಮೂಳೆ ಎಲ್ಲಕ್ಕೂ ಒಟ್ಟಿಗೆ ಪೆಟ್ಟು. ಪಕ್ಕೆಲುಬು ಅದರ ಗುರುತು ಅಷ್ಟೇ. ಆರೋಗ್ಯವಾಗಿ ಹುಟ್ಟಿ ಬೆಳೆದು ಮೂವತ್ನಾಲ್ಕು ವರ್ಷ ಆದವರಿಗೆ ಇದು ಯಾವ ಭವಿಷ್ಯವನ್ನೂ ಹೇಳಲ್ಲ.

ವಾರಕ್ಕೊಮ್ಮೆ
ಸರಿ, ತಪ್ಪಾಯಿತು. ಹೆದರಿಸೋ ಉದ್ದೇಶ ಇರಲಿಲ್ಲ. ಪರಿಹಾರಕ್ಕೆ ಒಂದು ಸಂಗತಿ: ಉತ್ತರ ಸಮುದ್ರದ ತಳದಿಂದ ಸಿಕ್ಕ ಮ್ಯಾಮತ್ (ಅಳಿದು ಹೋದ ಆನೆ ಜಾತಿ) ಮೂಳೆಗಳಲ್ಲಿ ಮೂರರಲ್ಲೊಂದಕ್ಕೆ ಕುತ್ತಿಗೆ ಪಕ್ಕೆಲುಬಿನ ಗುರುತು ಇತ್ತು. 2014ರ ವರದಿ. ಕಡೆಗಾಲದಲ್ಲಿ ಅವು ಕಮ್ಮಿಯಾಗಿ, ಹತ್ತಿರದ ಸಂಬಂಧದೊಳಗೇ ಮರಿ ಹಾಕಿದ್ದು ಕಾರಣ ಇರಬಹುದು ಅಂತ ಬರೆದಿದ್ದರು.

ಎಡಗೈ_ಜೋಮು
ನೊಣ ಆಯಿತು, ಈಗ ಮ್ಯಾಮತ್. ನಮ್ಮ ಬಳಗ ದೊಡ್ಡದೇ ಇದೆ.

ಕೂಡಿದ_ಬೆರಳು
ಇಷ್ಟು ದಿನ ಓದಿ ಸುಮ್ಮನಿದ್ದೆ, ಇವತ್ತು ಬರೆಯೋಣ ಅನ್ನಿಸಿತು. ನನ್ನ ಮಗಳಿಗೆ ಎರಡೂ ಕೈಯಲ್ಲಿ ನಡುಬೆರಳು ಉಂಗುರ ಬೆರಳು ಕೂಡಿಕೊಂಡು ಹುಟ್ಟಿತು. ನಡುವೆ ಇನ್ನೊಂದು ಸಣ್ಣ ಬೆರಳಿನ ಮೂಳೆ. ಹೆರಿಗೆ ಕೋಣೆಯಲ್ಲೇ ಯಾರೋ "ಗ್ರಹಣ ನೋಡಿದ್ರಾ" ಅಂತ ಕೇಳಿದರು. ನಾನು ಒಂದು ವರ್ಷ ಆ ಗ್ರಹಣವನ್ನೇ ಲೆಕ್ಕ ಹಾಕುತ್ತಾ ಕೂತಿದ್ದೆ. ಆಮೇಲೆ ಒಬ್ಬ ಡಾಕ್ಟರು ಅತ್ತೆಯವರ ಕೈ ನೋಡಬೇಕು ಅಂದರು. ಅತ್ತೆ ಯಾವಾಗಲೂ ಸೆರಗಿನೊಳಗೆ ಎಡಗೈ ಇಟ್ಟುಕೊಳ್ಳೋರು, ನಾನು ಅಭ್ಯಾಸ ಅಂದುಕೊಂಡಿದ್ದೆ. ಹೊರಗೆ ತೆಗೆದರು. ಅದೇ ಎರಡು ಬೆರಳು. ಚಿಕ್ಕಂದಿನಲ್ಲಿ ಯಾರೋ ಕತ್ತರಿಸಿ ಬಿಡಿಸಿದ ಗಾಯದ ಗೆರೆ.

ಟೆಸ್ಟಿನಲ್ಲಿ ಹಾಕ್ಸ್-ಡಿ13 ಅಂತ ಬಂತು. ಅದರಲ್ಲಿ ಅಲನೀನ್ ಅನ್ನೋ ಅಮೈನೋ ಆಮ್ಲ ಸಾಲಾಗಿ 15 ಇರಬೇಕಂತೆ. ನಮ್ಮ ಮನೆಯವರಲ್ಲಿ ಜಾಸ್ತಿ ಇವೆ. ನನ್ನ ಗಂಡನಿಗೂ ಇದೆ, ಕಾಲಿನ ಬೆರಳಲ್ಲಿ ಮಾತ್ರ, ಯಾರೂ ಗಮನಿಸಿರಲಿಲ್ಲ. ಮಗಳಿಗೆ ಆಪರೇಶನ್ ಆಗಿದೆ. ಈಗ ಕೀಬೋರ್ಡ್ ನುಡಿಸುತ್ತಾಳೆ.

ನೊಣದ_ಬಾಟಲಿ
ಬರೆದಿದ್ದಕ್ಕೆ ಥ್ಯಾಂಕ್ಸ್ ಅಕ್ಕ. ಮನುಷ್ಯರಲ್ಲಿ ಹಾಕ್ಸ್ ಜೀನಿನ ತಪ್ಪಿನಿಂದ ಹೀಗಾಗುತ್ತೆ ಅಂತ ಮೊದಲು ಗೊತ್ತಾಗಿದ್ದೇ ಈ ಡಿ13ರಲ್ಲಿ, 1996ರಲ್ಲಿ. ಅಲನೀನ್ ಎಷ್ಟು ಜಾಸ್ತಿಯೋ ಬೆರಳಿನ ತೊಂದರೆ ಸಾಮಾನ್ಯವಾಗಿ ಅಷ್ಟು ಜಾಸ್ತಿ. ಸಾಲಿನ ಕೊನೆಯ ಜೀನ್ ಕೈಕಾಲಿನಲ್ಲೂ ಕೊನೆಯ ಭಾಗವನ್ನೇ, ಅಂದರೆ ಬೆರಳನ್ನೇ ನೋಡಿಕೊಳ್ಳುತ್ತದೆ. ಅದೇ ನಂಬರಿನ ಹಾಕ್ಸ್-ಎ13 ತಪ್ಪಿದರೆ ಹೆಬ್ಬೆರಳು, ಕಾಲಿನ ಹೆಬ್ಬೆರಳು ಮೋಟು, ಜೊತೆಗೆ ಗರ್ಭಕೋಶ ಮೂತ್ರನಾಳದಲ್ಲೂ ವ್ಯತ್ಯಾಸ.

ಕೋಡ್‌ಗಿರಿ
ಆರು ಬೆರಳಿನವರಿಗೂ ಇದೇನಾ? ನನ್ನ ಗೆಳೆಯನಿಗೆ ಹೆಬ್ಬೆರಳ ಪಕ್ಕ ಇನ್ನೊಂದು ಇದೆ.

ಹಳೇ_ಮೇಷ್ಟ್ರು
ಎಲ್ಲವೂ ಅಲ್ಲ. ಹೆಬ್ಬೆರಳ ಪಕ್ಕದ್ದು ಕೆಲವು ಮನೆತನಗಳಲ್ಲಿ ಆಗಲೇ ಹೇಳಿದ ಆ ದೂರದ ಸ್ವಿಚ್ಚಿನ ತಪ್ಪಿನಿಂದ ಬರುತ್ತದೆ. ಹಾವಿನಲ್ಲಿ ಸವೆದಿದೆ ಅಂದೆನಲ್ಲ, ಅದೇ ಸ್ವಿಚ್ಚು.

ಹಾವುಗಾಹಿ
ಒಂದೇ ಸ್ವಿಚ್ಚು, ಒಬ್ಬರಿಗೆ ಬೆರಳು ಜಾಸ್ತಿ, ನಮ್ಮವರಿಗೆ ಕಾಲೇ ಇಲ್ಲ. ಅನ್ಯಾಯ.

ಮಾತ್ರೆ_ಚೀಟಿ
ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಗೂ ಇದಕ್ಕೂ ಸಂಬಂಧ ಇದೆ ಅಲ್ವಾ? ನನಗೆ ಕೊಡುವ ಮುಂಚೆ ಗರ್ಭಿಣಿ ಅಲ್ಲ ಅಂತ ಟೆಸ್ಟ್ ಮಾಡಿಸಿದರು. ಆಗ ಸಿಟ್ಟು ಬಂದಿತ್ತು.

ನೊಣದ_ಬಾಟಲಿ
ಇದೆ. ಅದು ವಿಟಮಿನ್ ಎ ಜಾತಿಯದು. ಭ್ರೂಣದಲ್ಲಿ ಹಾಕ್ಸ್ ಸಾಲನ್ನು ಎಬ್ಬಿಸುವವರಲ್ಲಿ ರೆಟಿನಾಯಿಕ್ ಆಮ್ಲ ಒಂದು. ಎಲ್ಲಿ ಎಷ್ಟಿರಬೇಕೋ ಅಷ್ಟೇ ಇರಬೇಕು. ಹೊರಗಿನಿಂದ ಸುರಿದರೆ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಕೆಡುತ್ತವೆ. ಟೆಸ್ಟ್ ಮಾಡಿಸಿದವರು ಸರಿಯಾಗೇ ಮಾಡಿದ್ದಾರೆ.

ವಿಟಮಿನ್ ಎ ಏನು ಮಾಡಬಲ್ಲದು ಅಂತ ನೋಡಬೇಕಾದರೆ ಒಡಿಶಾದ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಂತಿ-ಹೆಜ್ಮಾಡಿ ಅವರ ಗೊದಮೊಟ್ಟೆ ನೋಡಿ. ಬಾಲ ಕತ್ತರಿಸಿ ವಿಟಮಿನ್ ಎ ಇದ್ದ ನೀರಲ್ಲಿ ಬಿಟ್ಟರು. ಬಾಲ ಬರಬೇಕಾದ ಜಾಗದಲ್ಲಿ ಕಾಲುಗಳು ಬಂದವು. 1992ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆನ್ನೆಲುಬಿನ ಪ್ರಾಣಿಯಲ್ಲಿ ಹೋಮಿಯೋಸಿಸ್ ಇಷ್ಟು ಸ್ಪಷ್ಟವಾಗಿ ಕಂಡಿದ್ದು ಆಗಲೇ. ನೊಣದವರೆಲ್ಲ ಬಾಯಿ ಬಿಟ್ಟುಕೊಂಡು ಓದಿದ್ದರಂತೆ, ನಮ್ಮ ಗೈಡ್ ಹೇಳುತ್ತಿದ್ದರು.

ಸುಮ್ನೆ_ಓದ್ತೀನಿ
ನಾಲ್ಕು ರೆಕ್ಕೆಯ ನೊಣವನ್ನು ನೀವು ಕಣ್ಣಾರೆ ನೋಡಿದ್ದೀರಾ?

ನೊಣದ_ಬಾಟಲಿ
ನೋಡಿದ್ದೇನೆ. ಈಥರ್ ಕೊಟ್ಟು ಮಲಗಿಸಿ, ಬಿಳಿ ಪಿಂಗಾಣಿ ಹಲಗೆ ಮೇಲೆ ಕುಂಚದಲ್ಲಿ ತಿರುಗಿಸಿ ಮೈಕ್ರೋಸ್ಕೋಪಿನಡಿ ಇಟ್ಟೆ. ಹಿಂದಿನ ರೆಕ್ಕೆಯಲ್ಲೂ ನರಗಳ ಗೆರೆ ಒಂದೂ ಬಿಡದೆ ಮುಂದಿನದ್ದರ ಹಾಗೇ ಇದ್ದವು. ಎಷ್ಟು ಚೆಂದ ಅಂದರೆ! ಎಚ್ಚರವಾದ ಮೇಲೆ ಹಾರುತ್ತೆ ಅಂತ ಕಾದೆ. ಬಾಟಲಿಯ ಗೋಡೆ ಹತ್ತುತ್ತಿತ್ತು, ಬೀಳುತ್ತಿತ್ತು. ಹಾರಲಿಲ್ಲ. ರೆಕ್ಕೆ ಎರಡು ಜಾಸ್ತಿ, ಸಮತೋಲದ ಗುಂಡು ಇಲ್ಲ.

ಎಡಗೈ_ಜೋಮು
ಬುಧವಾರದ ಸುದ್ದಿ. ಸದ್ಯಕ್ಕೆ ಆಪರೇಶನ್ ಬೇಡವಂತೆ. ಭುಜಕ್ಕೆ ವ್ಯಾಯಾಮ ಕೊಟ್ಟಿದ್ದಾರೆ, ಮೂರು ತಿಂಗಳು ನೋಡೋಣ ಅಂದರು. ನರದ ಟೆಸ್ಟ್ ಮುಂದಿನ ವಾರ. ಬಟ್ಟೆ ಒಣಹಾಕೋ ಕೆಲಸ ಮನೆಯವರ ಪಾಲಿಗೆ ಹೋಗಿದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಯಾವುದೋ ಕಾಲದ ಎದೆಯ ಎಕ್ಸ್-ರೇ ಹುಡುಕಿ, ಕಿಟಕಿಗೆ ಹಿಡಿದು ಫೋಟೋ ಕಳಿಸಿದ್ದಾಳೆ. ಮೇಲೆ ಮೂಲೆಯಲ್ಲಿ ಏನೋ ಇದೆ. ಅದು ಕುತ್ತಿಗೆಯದ್ದೋ ಎದೆಯ ಮೊದಲ ಪಕ್ಕೆಲುಬೋ ತಿಳಿಯೋದು ಹೇಗೆ @ಎಕ್ಸ್‌ರೇ_ಕಣ್ಣು ಸರ್?

ಎಕ್ಸ್‌ರೇ_ಕಣ್ಣು
ಮಣಿಯ ಎರಡೂ ಪಕ್ಕ ಚಾಚಿದ ಮೂಳೆ ನೋಡಿ. ಕುತ್ತಿಗೆಯ ಮಣಿಯದು ಕೆಳಗೆ ಬಾಗಿರುತ್ತೆ. ಎದೆಯ ಮೊದಲ ಮಣಿಯದು ಮೇಲಕ್ಕೆ ಎತ್ತಿರುತ್ತೆ. ಕೆಳಗೆ ಬಾಗಿದ್ದರ ತುದಿಯಲ್ಲಿ ಪಕ್ಕೆಲುಬು ಇದ್ದರೆ ಅದು ಕುತ್ತಿಗೆಯದ್ದು.

ಎಡಗೈ_ಜೋಮು
ಕೆಳಗೇ ಬಾಗಿದೆ. ತುದಿಯಲ್ಲಿ ಒಂದು ಮೊಟಕು ಇದೆ. ಅವಳದ್ದು ಬಲಗಡೆ.

ಎಕ್ಸ್‌ರೇ_ಕಣ್ಣು
ಹೃದಯ ಯಾವ ಕಡೆ ಕಾಣುತ್ತಿದೆ? ಕಿಟಕಿಗೆ ಹಿಡಿಯುವಾಗ ಬಹಳ ಜನ ಫಿಲ್ಮ್ ತಿರುಗಿಸಿ ಹಿಡಿಯುತ್ತಾರೆ. ಮೂಲೆಯಲ್ಲಿ "ಎಲ್" ಅಂತ ಗುರುತು ಇರುತ್ತೆ, ಅದು ನೆಟ್ಟಗಿದೆಯಾ ಕನ್ನಡಿಯಲ್ಲಿ ಕಂಡ ಹಾಗಿದೆಯಾ ನೋಡಿ.

ಎಡಗೈ_ಜೋಮು
ಕನ್ನಡಿಯಲ್ಲಿ ಕಂಡ ಹಾಗಿದೆ. ಅಂದರೆ ಅವಳಿಗೂ ಎಡವೇ.

ಅವಳಿಗೆ ಹೇಳಿದೆ. "ಅಪ್ಪನ ಎಕ್ಸ್-ರೇ ಅಟ್ಟದ ಮೇಲಿದೆ, ಭಾನುವಾರ ಇಳಿಸ್ತೀನಿ" ಅಂದಳು.